ಮೊದಲ ನಲವತ್ತು ಪುಟ ದಾಟದ ಕಾದಂಬರಿಗೆ

ಆಫೀಸು ಮುಗಿಸಿ ಬಂದು ಮೊದಲ ನಲವತ್ತು ಪುಟವನ್ನೇ ತಿದ್ದುತ್ತಿದ್ದೇನೆ, ಕಥೆ ಮುಂದೆ ಹೋಗುತ್ತಿಲ್ಲ ಎಂದಿದ್ದೀರಿ. ತಿದ್ದುವುದನ್ನು ನಿಲ್ಲಿಸಿ. ಕೊನೆ ಗೊತ್ತಿಲ್ಲದೆ ನಯಗೊಳಿಸಿದ ಆರಂಭವನ್ನು ಆಮೇಲೆ ಕಿತ್ತುಹಾಕಲು ಮನಸ್ಸೇ ಬರುವುದಿಲ್ಲ. ಹೊಳೆದ ಬದಲಾವಣೆಯನ್ನು ಬೇರೆ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ ('ತಮ್ಮನ ಪಾತ್ರ ಬೇಡ'). ಅದು ಆಗಿಹೋಗಿದೆ ಎಂದುಕೊಂಡೇ ಮುಂದಿನ ಅಧ್ಯಾಯ ಶುರುಮಾಡಿ.

ಆದರೆ ಅಸಲು ತೊಡಕು ಬೇರೆಯೇ ಇರಬಹುದು. ಬರೆದಿರುವ ಪ್ರತಿ ದೃಶ್ಯಕ್ಕೂ ಕೇಳಿಕೊಳ್ಳಿ: ಯಾರಿಗೆ ಏನು ಬೇಕಿತ್ತು, ಅಡ್ಡ ಬಂದದ್ದು ಏನು, ದೃಶ್ಯ ಮುಗಿದಾಗ ಏನು ಬದಲಾಗಿತ್ತು? ಮೂರನೆಯದಕ್ಕೆ ಉತ್ತರವಿಲ್ಲದ ದೃಶ್ಯಗಳು ಎರಡು ಮೂರು ಒಟ್ಟಿಗೆ ಬಂದ ಕಡೆಯೇ ಕಥೆ ನಿಂತಿರುತ್ತದೆ. ಹೊಸಬರಲ್ಲಿ ಅದು ಹೆಚ್ಚಾಗಿ ಮನೆತನದ ಇತಿಹಾಸ, ನಾಯಕನ ಬಾಲ್ಯ ತುಂಬಿದ ಜಾಗ. ಆ ವಿವರ ಅಳಿಸಬೇಡಿ, ಎತ್ತಿಡಿ. ಓದುಗನಿಗೆ ಅದು ಬೇಕೆನಿಸುವ ಕಡೆ, ಬಹುಶಃ ನೂರನೇ ಪುಟದಲ್ಲಿ, ನಾಲ್ಕೇ ಸಾಲಾಗಿ ಬರಲಿ.

ಸಮಯದ ಮಾತು: ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ಕೆಲಸಕ್ಕೆ ಹೋಗುವ ಮುನ್ನ, ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದ ಬರೆಯುತ್ತಿದ್ದ. ಅಷ್ಟು ವೇಗ ಬೇಡ. ದಿನಕ್ಕೆ 250 ಪದ ಬರೆದರೂ ಆರು ತಿಂಗಳಿಗೆ 45,000. ಸಂಭಾಷಣೆಯ ನಡುವೆಯೇ ಎದ್ದುಬಿಡಿ, ಮರುದಿನ ಕೂತ ತಕ್ಷಣ ಬರೆಯಲು ಒಂದು ಉತ್ತರ ಕಾದಿರುತ್ತದೆ.