ಎಲ್ಲರೂ ಹೊಗಳುವ ವಿಡಿಯೋ ಗೇಮ್ ನನಗೆ ಮಾತ್ರ ಯಾಕೆ ಬೋರ್ ಆಗುತ್ತದೆ?

ನೀವು ಕೇಳಿದ್ದು ಇಷ್ಟು: ಗೆಳೆಯರು ಹೇಳಿದರು ಅಂತ ‘ದಿ ವಿಚರ್ 3’ ಕೊಂಡಿರಿ, ಒಂದಿಷ್ಟು ದಿನ ಆಡಿದಿರಿ, ಬೇಜಾರಾಯಿತು. ಈಗ ತೊಂದರೆ ಗೇಮ್‌ನಲ್ಲಿದೆಯಾ ನಿಮ್ಮಲ್ಲಿದೆಯಾ ಅನ್ನುವ ಅನುಮಾನ. ನಿಮ್ಮಲ್ಲಿ ಏನೂ ತೊಂದರೆ ಇಲ್ಲ. ಗೇಮ್ ಕೂಡ ಕೆಟ್ಟದ್ದಲ್ಲ, 5 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ, 2015ರ ದೊಡ್ಡ ಪ್ರಶಸ್ತಿಗಳೂ ಅದಕ್ಕೇ ಹೋದವು. ನನ್ನ ಪ್ರಕಾರ ಎಡವಟ್ಟಾಗುವುದು ಶಿಫಾರಸು ಮಾಡುವವರ ಮಾತಿನಲ್ಲಿ. ಮದುವೆ ಊಟ ಹೊಗಳುವವರು ಪಂಕ್ತಿಗೆ ಕಾದು ನಿಂತದ್ದನ್ನು ಹೇಳುವುದಿಲ್ಲವಲ್ಲ, ಹಾಗೆ. ಪೂರ್ತಿ ಮುಗಿಸಿದ ಮೇಲೆ ನೆನಪಲ್ಲಿ ಉಳಿದದ್ದನ್ನಷ್ಟೇ ಹೇಳುತ್ತಾರೆ, ಅವರು ಮರೆತಿರುವ ಮೊದಲ ಭಾಗವನ್ನು ಕೂತು ಆಡಬೇಕಾದವರು ನಾವು.

ನಾನು ಕಲಬುರಗಿಯವನು. ಹಗಲೆಲ್ಲ ಅಂಗಡಿ, ರಾತ್ರಿ ಊಟ ಆದ ಮೇಲೆ ಒಂದೂವರೆ ತಾಸು ಸಿಕ್ಕರೆ ಪುಣ್ಯ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಗೇಮ್ ಬಗ್ಗೆ ಅಭಿಪ್ರಾಯ ಹೇಳುವ ಯಾರೂ ಇದನ್ನು ಹೇಳುವುದಿಲ್ಲ.

ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮ ಕಾಕಾನ ಮಗ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: “ಅಣ್ಣಾ, ರೆಡ್ ಡೆಡ್ ರಿಡೆಂಪ್ಷನ್ 2 ಆಡಿಲ್ಲ ಅಂದ್ರ ನೀ ಏನೂ ಆಡಿಲ್ಲ ತಿಳ್ಕೊ.” ಆಯ್ತಪ್ಪ ಅಂತ ಬೇಸಿಗೆಯಲ್ಲಿ ಹಾಕಿಕೊಂಡೆ. 150 ಜಿಬಿ ಜಾಗ ಕೇಳುತ್ತದೆ ಮಹಾರಾಯ, ಅದಕ್ಕಾಗಿ ಮದುವೆ ವಿಡಿಯೋಗಳನ್ನೆಲ್ಲ ಬೇರೆ ಡಿಸ್ಕಿಗೆ ಸಾಗಿಸಬೇಕಾಯಿತು. ಕಥೆ 1899ರ ಅಮೆರಿಕದ್ದು, ದರೋಡೆಕೋರರ ಗುಂಪೊಂದು ಪೊಲೀಸರಿಂದ ತಪ್ಪಿಸಿಕೊಂಡು ಹಿಮದ ಬೆಟ್ಟ ಹತ್ತಿರುತ್ತದೆ. ಹೊರಗೆ ನಮ್ಮ ಮೇ ತಿಂಗಳು, ಫ್ಯಾನ್ ಕೂಡ ಬಿಸಿಗಾಳಿಯನ್ನೇ ಬೀಸುತ್ತಿದೆ, ಪರದೆ ತುಂಬ ಹಿಮ. ಅಷ್ಟು ಮಾತ್ರ ಹಿತವಾಗಿತ್ತು ನಿಜ. ಆದರೆ ಆ ಹಿಮದಲ್ಲಿ ಕುದುರೆ ಒಂದೊಂದೇ ಹೆಜ್ಜೆ ಇಡುತ್ತದೆ, ಒಂದು ಡಬ್ಬಿ ಎತ್ತಿಕೊಳ್ಳಬೇಕಾದರೂ ನಾವು ಆಡಿಸುವ ಪಾತ್ರ ಆರ್ಥರ್ ಕೈ ಚಾಚಿ ತೆಗೆದು ಚೀಲಕ್ಕೆ ಹಾಕುವ ತನಕ ನೋಡುತ್ತಾ ಕೂರಬೇಕು, ಶಿಬಿರದಲ್ಲಂತೂ ಓಡಲಿಕ್ಕೂ ಬಿಡುವುದಿಲ್ಲ. ಇದನ್ನೇ ಕೆಲವರು ‘ಎಷ್ಟು ಸಹಜವಾಗಿದೆ ನೋಡು’ ಅನ್ನುತ್ತಾರೆ. ಶನಿವಾರ ರಾತ್ರಿ ಕೂತು ಭಾನುವಾರ ಬೆಳಗ್ಗೆ ಏಳುವವನಿಗೆ ಅದು ಸಹಜ, ನನಗೆ ಸಿಗುವ ಒಂದೂವರೆ ತಾಸಿನಲ್ಲಿ ಅರ್ಧ ಕುದುರೆ ಮೇಲೇ ಹೋಗುತ್ತಿತ್ತು.

ಇನ್ನೊಂದು ವಿಷಯ ಇದೆ, ಯಾರೂ ಹೇಳದ್ದು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್ ಇಷ್ಟವಾಗದಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಒಳ್ಳೆಯ ನಿಯಮ. ಆದರೆ ಈ ಗೇಮ್‌ನಲ್ಲಿ ಹಿಮದಿಂದ ಕೆಳಗಿಳಿದು ನಿಜವಾದ ಆಟ ತೆರೆದುಕೊಳ್ಳುವಷ್ಟರಲ್ಲಿ ಆ 2 ಗಂಟೆ ಹೆಚ್ಚುಕಡಿಮೆ ಖರ್ಚಾಗಿರುತ್ತದೆ. ಇಷ್ಟವಾಗುತ್ತದಾ ಇಲ್ಲವಾ ಅಂತ ಗೊತ್ತಾಗುವ ಹೊತ್ತಿಗೆ ವಾಪಸ್ ಬಾಗಿಲು ಮುಚ್ಚಿರುತ್ತದೆ!

ಭಾಷೆಯ ಮಾತೂ ಹೇಳಲೇಬೇಕು. ನಾನು ಹತ್ತನೇ ತನಕ ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಕೇಳಿದರೂ ಸಾಧಾರಣ ತಿಳಿಯುತ್ತದೆ. ಆದರೆ ಕುದುರೆ ಓಡಿಸುತ್ತಾ, ನಕ್ಷೆ ನೋಡುತ್ತಾ, ಇಬ್ಬರು ಹಳೇ ಕಾಲದ ಅಮೆರಿಕನ್ನರು ಹಲ್ಲು ಕಚ್ಚಿಕೊಂಡು ಆಡುವ ಮಾತನ್ನು ಕೆಳಗಿನ ಸಬ್‌ಟೈಟಲ್‌ನಲ್ಲಿ ಓದುವುದು ಅಂದರೆ ಆಟ ಅಲ್ಲ, ಪರೀಕ್ಷೆ. ಈ ಗೇಮಿನ ಅರ್ಧ ಹೆಸರೇ ಆ ಮಾತುಗಳಿಂದ ಬಂದದ್ದು. ಅದೇ ಕೈತಪ್ಪಿದರೆ ಉಳಿಯುವುದು ಕುದುರೆ ಸವಾರಿ ಮತ್ತು ಗುಂಡಿನ ಕಾಳಗ. ಇದನ್ನು ನಮ್ಮಲ್ಲಿ ಹೇಳಿಕೊಳ್ಳಲು ತುಂಬಾ ಜನ ನಾಚುತ್ತಾರೆ, ಸುಮ್ನೆ ‘ಸೂಪರ್ ಸ್ಟೋರಿ’ ಅಂದುಬಿಡುತ್ತಾರೆ.

‘ಎಲ್ಡನ್ ರಿಂಗ್’ ಕಥೆ ಬೇರೆ. 2022ರಲ್ಲಿ ಬಂದಾಗ ನನ್ನ ಗೆಳೆಯರ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಗುಹೆಯಿಂದ ಹೊರಬಂದ ಕೂಡಲೇ ಬಂಗಾರದ ಕವಚ ತೊಟ್ಟ ಕುದುರೆ ಸವಾರನೊಬ್ಬ ತಿರುಗಾಡುತ್ತಿರುತ್ತಾನೆ, ಹೋದರೆ ಎರಡೇ ಏಟಿಗೆ ಕಥೆ ಮುಗಿಯುತ್ತದೆ. ಅವನನ್ನು ಬಿಟ್ಟು ಪಕ್ಕದಿಂದ ದಾಟಿ ಹೋಗಬಹುದು, ಅದನ್ನು ಗೇಮ್ ಹೇಳುವುದಿಲ್ಲ, ನೀವೇ ಕಂಡುಕೊಳ್ಳಬೇಕು. ಈ ಕಷ್ಟ ನನಗೆ ಬೇಜಾರು ತರಲಿಲ್ಲ, ಹಾಗೆ ನೋಡಿದರೆ ಅದರ ಮಜಾ ನನಗೆ ತಿಳಿಯಿತು. ಬೇಜಾರು ತಂದದ್ದು ಆಟವನ್ನು ನಡುವೆ ನಿಲ್ಲಿಸಿಡುವ ಪಾಜ್ ಬಟನ್ ಇಲ್ಲದ್ದು. ಮೆನು ತೆರೆದರೂ ಶತ್ರು ಹೊಡೆಯುತ್ತಲೇ ಇರುತ್ತಾನೆ. ಮೆನು ಒಳಗಿನ ಸಹಾಯಕ್ಕೆ ಹೋಗಿ, ಅಲ್ಲಿ ಮೆನು ವಿವರಣೆ ತೆರೆದರೆ ನಿಲ್ಲುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೊಡೆದಾಟದ ನಡುವೆ ಅಷ್ಟು ಹುಡುಕುವವರು ಯಾರ್ರೀ? ನಮ್ಮ ಮನೆಯಲ್ಲಿ ಅವ್ವ ಕರೆದರೆ ಏಳಬೇಕು, ಬಾಗಿಲಿಗೆ ಯಾರಾದರೂ ಬಂದರೆ ಏಳಬೇಕು, ಕರೆಂಟ್ ಹೋದರೆ ಕೇಳುವುದೇ ಬೇಡ. ಸತ್ತರೆ ಗಳಿಸಿದ ರೂನ್‌ಗಳೆಲ್ಲ (ಆಟದೊಳಗಿನ ದುಡ್ಡು ಅನ್ನಿ) ಬಿದ್ದ ಜಾಗದಲ್ಲೇ ಉಳಿಯುತ್ತವೆ, ಹೋಗಿ ತರುವಷ್ಟರಲ್ಲಿ ಮತ್ತೆ ಸತ್ತರೆ ಅವೂ ಹೋದವು. ರೂಮಿನ ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಹಾಕುವವರಿಗೆ ಮಾಡಿದ ಆಟ ಅದು. ನನಗೆ ಶಿಫಾರಸು ಮಾಡಿದವರೆಲ್ಲ ಅಂಥವರೇ, ಬೆಂಗಳೂರಿನಲ್ಲಿ ಒಬ್ಬೊಬ್ಬರೇ ರೂಮ್ ಮಾಡಿಕೊಂಡಿರುವವರು.

‘ಸೈಬರ್‌ಪಂಕ್ 2077’ ಅನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು 2020ರ ಡಿಸೆಂಬರ್‌ನಲ್ಲಿ ಅರ್ಧಂಬರ್ಧ ಬಂತು, ಸೋನಿ ತನ್ನ ಆನ್‌ಲೈನ್ ಗೇಮ್ ಅಂಗಡಿಯಿಂದಲೇ ಕೆಲವು ತಿಂಗಳು ತೆಗೆದಿಟ್ಟಿತ್ತು, ಆಮೇಲೆ ಸರಿಮಾಡಿದರು. ಅಲ್ಲಿ ಎಲ್ಲರಿಗೂ ಒಟ್ಟಿಗೆ ನಿರಾಸೆಯಾಯಿತು. ನಿಮ್ಮ ಪ್ರಶ್ನೆ ಒಬ್ಬರಿಗೇ ಆಗುವ ನಿರಾಸೆಯದ್ದು, ಅದೇ ಜಾಸ್ತಿ ಕಿರಿಕಿರಿ.

ಹಾಗಾದರೆ ನಾನು ಆಡುವುದೇನು ಅಂತ ಕೇಳಿದರೆ ನಗಬೇಡಿ. ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’, ಮೊಬೈಲ್‌ನಲ್ಲಿ. ಯಾವ ಪಟ್ಟಿಯಲ್ಲೂ ಇಲ್ಲ, ಯಾರೂ ಹೇಳಿದ್ದಲ್ಲ, ತಂಗಿಯ ಮಗ ಆಡುತ್ತಿದ್ದದ್ದನ್ನು ನೋಡಿ ಹಾಕಿಕೊಂಡೆ. ಬಸ್ಸಿಗೆ ನಮಗೆ ಬೇಕಾದ ಬಣ್ಣ ಹಾಕಿಕೊಳ್ಳಬಹುದು, ಆ ಹುಡುಗ ಕಲ್ಯಾಣ ಕರ್ನಾಟಕ ಸಾರಿಗೆಯ ಬಣ್ಣ ಹಾಕಿ ಮುಂದೆ ‘ಕಲಬುರಗಿ–ಬೀದರ’ ಬೋರ್ಡ್ ಬರೆದಿದ್ದಾನೆ. ಓಡುವುದು ಇಂಡೋನೇಷ್ಯಾದ ರಸ್ತೆಯಲ್ಲಿ! ಮಾತಿಲ್ಲ, ಕಥೆಯಿಲ್ಲ, ಅವ್ವ ಕರೆದರೆ ಬಸ್ಸು ಬದಿಗೆ ಹಾಕಿ ಎದ್ದು ಹೋಗಬಹುದು. ಇದು ಗೇಮೇ ಅಲ್ಲ ಅನ್ನುತ್ತಾನೆ ಕಾಕಾನ ಮಗ. ಅನ್ನಲಿ ಬಿಡಿ.

ಈಗ ನಿಮ್ಮ ವಿಚರ್‌ಗೆ ಬರೋಣ. ನನಗೂ ಅದು ಹಿಡಿಸಲಿಲ್ಲ. ಕಥೆ ಚೆನ್ನಾಗಿದೆ, ಆದರೆ ಕೆಲಸ ಯಾವುದೇ ಇರಲಿ, ಬಟನ್ ಒತ್ತಿ ಹಿಡಿದು ಕೆಂಪಗೆ ಹೊಳೆಯುವ ಹೆಜ್ಜೆಗುರುತು ಹಿಂಬಾಲಿಸು, ಕೊನೆಗೆ ಒಂದು ದೆವ್ವವನ್ನು ಹೊಡಿ, ಇದೇ ಮತ್ತೆ ಮತ್ತೆ. ಆದರೂ ಒಂದು ಮಾತು. ಮೊದಲ ಹಳ್ಳಿಯ ಭಾಗ ಬರೀ ಪೀಠಿಕೆ. ಅಲ್ಲಿಂದ ವೆಲೆನ್ ಅನ್ನುವ ಸೀಮೆಗೆ ಹೋದ ಮೇಲೆ ಒಬ್ಬ ಕುಡುಕ ಬ್ಯಾರನ್ ಮತ್ತು ಅವನ ಹೆಂಡತಿ, ಮಗಳ ಕಥೆ ಬರುತ್ತದೆ. ಜನ ಈ ಗೇಮ್ ಹೊಗಳುವಾಗ ಹೆಚ್ಚಾಗಿ ಅದನ್ನೇ ನೆನೆಸಿಕೊಳ್ಳುತ್ತಿರುತ್ತಾರೆ. ಅದು ನೋಡಿಯೂ ಬೇಜಾರಾದರೆ ಡಿಲೀಟ್ ಮಾಡಿ, ಮುಂದೆ ಇದಕ್ಕಿಂತ ಬೇರೆ ಏನೋ ಆಗಿಬಿಡುತ್ತದೆ ಅಂತ ಕಾಯಬೇಡಿ. ಒಳಗಿರುವ ಗ್ವೆಂಟ್ ಇಸ್ಪೀಟು ಆಟ ಮಾತ್ರ ನಿಮಗೂ ಇಷ್ಟವಾಗಿದ್ದರೆ, ಅದರದ್ದೇ ಒಂದು ಬೇರೆ ಗೇಮ್ ಇದೆ, ನಿಯಮ ಸ್ವಲ್ಪ ಬೇರೆ, ಆದರೆ ದುಡ್ಡು ಕೊಡಬೇಕಾಗಿಲ್ಲ.