ಬೆನ್ನಿನ ಬಣ್ಣ ಬಿಡಿ, ರೆಕ್ಕೆಯ ಅಂಚು ನೋಡಿ

ಅಣ್ಣಾ, ಸೀಬೆ ತೋಟದ ಬಲೆ ಖಾಲಿ ಮಾಡಿ ಹಣ್ಣುನೊಣಗಳನ್ನು ಎರಡು ಗುಡ್ಡೆ ಹಾಕಿರುವ ಫೋಟೋ ನೋಡಿದೆ. ಕಪ್ಪು ಬೆನ್ನಿನವೆಲ್ಲ ಡಾರ್ಸಾಲಿಸ್, ಕಂದು ಬೆನ್ನಿನವೆಲ್ಲ ಝೊನಾಟಾ ಅಂತ ಎರಡು ಜಾತಿಯ ಹೆಸರು ಬರೆದಿದ್ದೀರಿ. ಇದೇ ಥರ ವಿಂಗಡಿಸಿದ ಲೆಕ್ಕ ನನ್ನ ಹಳೇ ನೋಟ್‌ಬುಕ್ಕಿನಲ್ಲೂ ಇದೆ, ಯಾವ ಕೆಲಸಕ್ಕೂ ಬರುವುದಿಲ್ಲ. ನಿಮ್ಮ ಎರಡೂ ಗುಡ್ಡೆಗಳಲ್ಲಿ ಬೆರಕೆ ಇರುವ ಸಾಧ್ಯತೆ ಜಾಸ್ತಿ.

ಡಾರ್ಸಾಲಿಸ್ ಬೆನ್ನು ಅಚ್ಚ ಕಪ್ಪಿನಿಂದ ಕೆಂಗಂದಿನ ತನಕ ಹೇಗೆ ಬೇಕಾದರೂ ಇರುತ್ತದೆ. ಆಗ ತಾನೇ ಕೋಶದಿಂದ ಹೊರಬಂದ ನೊಣವಂತೂ ಪೂರ್ತಿ ಪೇಲವ. 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಅಂತ ಹೊಸ ಹೆಸರಿಟ್ಟರು. ಅದರ ಬೆನ್ನೂ ಒಂದೊಂದರಲ್ಲಿ ಒಂದೊಂದು ಬಣ್ಣ. 2015ರಲ್ಲಿ ಅದೂ ಡಾರ್ಸಾಲಿಸ್ಸೇ ಅಂತ ಒಟ್ಟಿಗೆ ಸೇರಿಸಿದರು. ತಜ್ಞರ ಕಥೆಯೇ ಹೀಗಿರುವಾಗ ನಾವು ಮೊಬೈಲ್ ಫೋಟೋದಲ್ಲಿ ಬಣ್ಣ ನೋಡಿ ತೀರ್ಪು ಕೊಡುವುದು ಬೇಡ.

ನಾನು ಮೊದಲು ನೋಡುವುದು ರೆಕ್ಕೆಯ ಮುಂದಿನ ಅಂಚು. ಚಿಮಟದಲ್ಲಿ ಒಂದು ರೆಕ್ಕೆ ಕಿತ್ತು, ಸ್ವಲ್ಪ ಒದ್ದೆ ಮಾಡಿದ ಬಿಳಿ ಕಾರ್ಡಿನ ಮೇಲೆ ಇಡುತ್ತೇನೆ. ಅದು ತಾನಾಗಿಯೇ ಅಂಟಿಕೊಂಡು ಚಪ್ಪಟೆಯಾಗುತ್ತದೆ. ಅಂಚಿನ ಕಂದು ಪಟ್ಟಿ ಎಲ್ಲೂ ಕಡಿಯದೆ ತುದಿಯವರೆಗೆ ಹೋಗಿದ್ದರೆ ಡಾರ್ಸಾಲಿಸ್ ಗುಂಪು, ಬೆನ್ನು ಎಷ್ಟೇ ಕಂದಿರಲಿ. ಪಟ್ಟಿ ನಡುವೆ ಕಡಿದು, ತುದಿಯಲ್ಲಿ ಮಾತ್ರ ಒಂದು ಪುಟ್ಟ ಕಂದು ಚುಕ್ಕೆ ಉಳಿದಿದ್ದರೆ ಝೊನಾಟಾ ಅಥವಾ ಕರೆಕ್ಟಾ ಅನ್ನುವ ಮೂರನೇ ಜಾತಿ. ಇವೆರಡನ್ನು ಬೇರೆ ಮಾಡುವುದು ಮುಖ. ಝೊನಾಟಾ ಮುಖದಲ್ಲಿ ಎರಡು ಕಪ್ಪು ಚುಕ್ಕೆ ದೂರ ದೂರ ಇರುತ್ತವೆ. ಕರೆಕ್ಟಾದಲ್ಲಿ ಅವು ಅಡ್ಡಕ್ಕೆ ಎಳೆದುಕೊಂಡು ನಡುವೆ ಕೂಡಿರುತ್ತವೆ ಅಥವಾ ಕೂಡುವ ಹಾಗಿರುತ್ತವೆ, ಸಣ್ಣ ಮೀಸೆ ಬಿಟ್ಟ ಹಾಗೆ. ಕರೆಕ್ಟಾ ಬೆನ್ನು ಕಪ್ಪು. ನಿಮ್ಮ "ಡಾರ್ಸಾಲಿಸ್" ಗುಡ್ಡೆಯಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ. ಸೀಬೆ ಅಂದರೆ ಅದಕ್ಕೆ ಪ್ರಾಣ.

ಒಂದು ತೊಂದರೆ ಇದೆ. ಹಳೇ ನೊಣಗಳ ರೆಕ್ಕೆ ಮೊದಲು ಹರಿಯುವುದೇ ತುದಿಯಲ್ಲಿ, ಚುಕ್ಕೆ ಇರುವುದೂ ಅಲ್ಲೇ. ತುದಿ ಹರಿದಿದ್ದರೆ ಆ ನೊಣ ಪಕ್ಕಕ್ಕಿಡಿ, ಊಹೆ ಮಾಡಬೇಡಿ. ಪಟ್ಟಿ ಪೂರ್ತಿ ಇದ್ದು ತೊಡೆಗಳ ಮೇಲೆ ಕಪ್ಪು ಮಚ್ಚೆ ಕಂಡರೆ ಅದೂ ಪಕ್ಕಕ್ಕೆ. ದಕ್ಷಿಣ ಭಾರತದಲ್ಲಿ ಕೇರಿಯೇ ಅನ್ನುವ ಇನ್ನೊಂದು ನೊಣವೂ ನಿಮ್ಮ ಬಲೆಯಲ್ಲಿರುವ ಇದೇ ಮೀಥೈಲ್ ಯೂಜಿನಾಲ್‌ಗೆ (ಗಂಡು ನೊಣ ಸೆಳೆಯುವ ವಾಸನೆಯ ಮದ್ದು, ಅಂದರೆ ಲೂರ್) ಬರುತ್ತದೆ. ಅದನ್ನು ಗೊತ್ತಿದ್ದವರಿಗೇ ತೋರಿಸಿ.

ಲೆನ್ಸ್ 10x ಸಾಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ "60x" ಲೆನ್ಸ್‌ಗಳ ಮೇಲೆ ಬರೆದ ನಂಬರ್ ನಂಬಬೇಡಿ, ಸುಮ್ನೆ ದುಡ್ಡು ದಂಡ. ಲೆನ್ಸ್ ಕಣ್ಣಿಗೆ ಒತ್ತಿ ಹಿಡಿದು ನೊಣವನ್ನೇ ಹತ್ತಿರ ತರಬೇಕು. ಫೋಲ್ಡ್‌ಸ್ಕೋಪ್ (ಮಡಚಿ ಮಾಡುವ ಕಾಗದದ ಸೂಕ್ಷ್ಮದರ್ಶಕ) ಒಳ್ಳೆಯದೇ, ಆದರೆ ಅದು ತೆಳ್ಳಗಿನ ವಸ್ತುವಿಗೆ. ರೆಕ್ಕೆ ಕಾಣಿಸುತ್ತದೆ, ಇಡೀ ನೊಣ ಕಾಣಿಸುವುದಿಲ್ಲ. ಕಾರ್ಡಿಗೆ ಅಂಟಿಸಿ ಇಡುವವರು ಫೆವಿಕಾಲ್ ಬಳಸಿ, ನೀರು ಹಾಕಿದರೆ ಮೆತ್ತಗಾಗುತ್ತದೆ. ಫೆವಿಕ್ವಿಕ್ ಹಾಕಿದಿರೋ, ಮತ್ತೆ ತಿರುಗಿಸಿ ಮುಖ ನೋಡುವ ಆಸೆ ಬಿಡಿ.

ಇನ್ನು ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಹಾಗಲ ಚಪ್ಪರಕ್ಕೂ ಇದೇ ಬಲೆ ಕಟ್ಟಿದ್ದೇನೆ, ನೊಣವೇ ಬೀಳುತ್ತಿಲ್ಲ ಅಂದಿದ್ದಾರೆ. ಬೀಳುವುದಿಲ್ಲ ಸ್ವಾಮಿ! ಬಳ್ಳಿ ತರಕಾರಿ ನೊಣ ಕುಕುರ್ಬಿಟೇ, ಅದಕ್ಕೆ ಕ್ಯೂ ಲೂರ್ ಅನ್ನುವ ಬೇರೆ ಮದ್ದು ಬೇಕು. ಆ ನೊಣ ಗುರುತಿಸುವುದು ಸುಲಭ. ಡಾರ್ಸಾಲಿಸ್ ಬೆನ್ನಿನ ಎರಡು ಪಕ್ಕದಲ್ಲಿ ಹಳದಿ ಗೆರೆ ಇರುತ್ತದೆ, ಇದಕ್ಕೆ ನಡುವೆ ಮೂರನೆಯದೂ ಇರುತ್ತದೆ. ಟಾವ್ ಅನ್ನುವ ಇನ್ನೊಂದು ನೊಣಕ್ಕೂ ಮೂರು ಗೆರೆ, ಆದರೆ ಕುಕುರ್ಬಿಟೇ ರೆಕ್ಕೆಯ ಅಡ್ಡನರದ ಮೇಲೆ ಕಂದು ಮಸುಕು ಇರುತ್ತದೆ, ಟಾವ್‌ಗೆ ಇರುವುದಿಲ್ಲ. ಎರಡೂ ಲೂರ್ ಒಂದೇ ಕೈಯಲ್ಲಿ ಮುಟ್ಟಬೇಡಿ. ಒಂದು ಹನಿ ತಾಗಿದರೂ ಬಲೆಗೆ ಯಾವುದ್ಯಾವುದೋ ನೊಣ ಬರುತ್ತವೆ, ಆಮೇಲೆ ನಿಮ್ಮ ಲೆಕ್ಕವೆಲ್ಲ ಸುಳ್ಳು. ಬಲೆಯೊಳಗಿನ ಪ್ಲೈವುಡ್ ತುಂಡಿಗೆ ಹಾಕಲು ಹಳೇ ಡಿಡಿವಿಪಿ (ನೊಣ ಸಾಯಿಸುವ ಕೀಟನಾಶಕ) ಬಾಟಲಿ ಹುಡುಕುವವರಿಗೆ ಒಂದು ಮಾತು: 2020ರ ಕೊನೆಗೇ ಅದು ನಿಷೇಧವಾಗಿದೆ.

ನಿಜ ಹೇಳಬೇಕೆಂದರೆ ಸೀಬೆಯ ಈ ಮೂರಕ್ಕೂ ಲೂರ್ ಒಂದೇ, ಹತೋಟಿಯೂ ಹೆಚ್ಚುಕಮ್ಮಿ ಒಂದೇ. ಬಲೆಗೆ ಬೀಳುವುದೂ ಬರೀ ಗಂಡು. ಹಣ್ಣು ಕೆಡಿಸುತ್ತಿರುವುದು ಯಾವುದು ಅಂತ ಗೊತ್ತಾಗಬೇಕಾದರೆ ಉದುರಿದ ಸೀಬೆಯನ್ನು ಬಕೆಟ್ಟಿನಲ್ಲಿ ಮರಳಿನ ಮೇಲಿಟ್ಟು ತೆಳು ಬಟ್ಟೆ ಕಟ್ಟಿ. ಹುಳ ಮರಳಿಗಿಳಿದು ಕೋಶ ಕಟ್ಟುತ್ತದೆ. ನೊಣ ಹೊರಬಂದ ಕೂಡಲೇ ಸಾಯಿಸಬೇಡಿ, ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಇಟ್ಟು ಎರಡು ಮೂರು ದಿನ ಬಿಡಿ. ಮೈ ಗಟ್ಟಿಯಾಗಿ ಗುರುತುಗಳೆಲ್ಲ ಮೂಡಿದ ಮೇಲೆ ಮುಖ, ರೆಕ್ಕೆ, ಬೆನ್ನು ಮೂರರದ್ದೂ ಬೇರೆ ಬೇರೆ ಫೋಟೋ ತೆಗೆದು ಇಲ್ಲಿ ಹಾಕಿ, ನೋಡೋಣ.