ಮೈನಸ್ 80 ಬೇಕೇ, 70 ಸಾಕೇ?

ಪ್ರಶ್ನೆ: ಪುಣೆಯ ಪಾಷಾಣ್ ಬಡಾವಣೆಯಲ್ಲಿ ಜೀವವಿಜ್ಞಾನದ ಪಿಎಚ್.ಡಿ. ಮಾಡುತ್ತಿದ್ದೇನೆ, ಊರು ಧಾರವಾಡ. ಲ್ಯಾಬಿನ ಕರೆಂಟು, ಪ್ಲಾಸ್ಟಿಕ್ ಕಸ ತಗ್ಗಿಸಲು ನಮ್ಮಲ್ಲಿ ಎಲ್ಲರಿಗೂ ಮನಸ್ಸಿದೆ. ಆದರೆ ಸ್ಯಾಂಪಲ್ ಇಡುವ ಡೀಪ್ ಫ್ರೀಜರನ್ನು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಿಂದ ಮೈನಸ್ 70ಕ್ಕೆ ತರೋಣ ಎಂದರೆ, ‘ಸ್ಯಾಂಪಲ್ ಕೆಟ್ಟರೆ ಯಾರು ಹೊಣೆ?’ ಎನ್ನುತ್ತಾರೆ ನಮ್ಮ ಸರ್. ಏನು ಮಾಡಲಿ?

ಉತ್ತರ: ಸರ್ ಕೇಳಿದ್ದು ನ್ಯಾಯವಾಗಿದೆ. ಹತ್ತಾರು ಜನರ ವರ್ಷಗಳ ದುಡಿಮೆ ಆ ಪೆಟ್ಟಿಗೆಯಲ್ಲಿದೆ. ಹಾಗಾಗಿ ಬರಿಗೈಯಲ್ಲಿ ವಾದಕ್ಕೆ ಹೋಗಬೇಡಿ, ಅಂಕಿ ಹಿಡಿದು ಹೋಗಿ.

ಪ್ಲಗ್ಗಿಗೆ 16 ಆಂಪಿಯರ್ ತಾಳುವ ಎನರ್ಜಿ ಮೀಟರ್ ಹಾಕಿ ಒಂದು ವಾರ ಯೂನಿಟ್ ಬರೆದಿಡಿ. ಹಳೆಯ ಫ್ರೀಜರ್ ದಿನಕ್ಕೆ 20 ಯೂನಿಟ್ ಎಳೆಯುವುದು ಸಾಮಾನ್ಯ. 70ಕ್ಕೆ ತಂದರೆ ಅದರಲ್ಲಿ ಐದಾರು ಯೂನಿಟ್ ಉಳಿಯುತ್ತದೆ, ವರ್ಷಕ್ಕೆ ಸುಮಾರು 2,000 ಯೂನಿಟ್.

ಸೆಟ್ಟಿಂಗ್ ಮುಟ್ಟುವ ಮೊದಲು ಕಂಡೆನ್ಸರ್ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬಾಗಿಲಿನ ಗ್ಯಾಸ್ಕೆಟ್ ಮೇಲಿನ ಹಿಮವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ, ಚಾಕು ಬೇಡವೇ ಬೇಡ. ರಬ್ಬರ್ ಹರಿದರೆ ಪುಣೆಯ ಮಳೆಗಾಲದ ತೇವವೆಲ್ಲ ಒಳಗೆ ಸೇರಿ ಹಿಮವಾಗುತ್ತದೆ.

ಮೊದಲು ಒಂದೇ ಫ್ರೀಜರ್ ಆರಿಸಿ. ಪ್ಲಾಸ್ಮಿಡ್ (ಡಿಎನ್‌ಎಯ ಸಣ್ಣ ಉಂಗುರ), ಬ್ಯಾಕ್ಟೀರಿಯಾದ ಗ್ಲಿಸರಾಲ್ ಸ್ಟಾಕ್‌ನಂಥ (ಗ್ಲಿಸರಾಲ್ ಬೆರೆಸಿ ಹೆಪ್ಪುಗಟ್ಟಿಸಿಟ್ಟ ಬ್ಯಾಕ್ಟೀರಿಯಾ), ಬೇರೆಡೆ ಪ್ರತಿಯಿರುವ ಸ್ಯಾಂಪಲ್‌ಗಳು ಅದರಲ್ಲಿರಲಿ. ಕ್ಲಿನಿಕಲ್ ಟ್ರಯಲ್‌ನ ಸ್ಯಾಂಪಲ್‌ಗೆ ಪ್ರೋಟೊಕಾಲ್‌ನಲ್ಲಿ 80 ಎಂದು ಬರೆದಿದ್ದರೆ ಅದನ್ನು ಕದಲಿಸಬೇಡಿ. ಸಸ್ತನಿಗಳ ಜೀವಂತ ಕೋಶಗಳನ್ನು ವರ್ಷಗಟ್ಟಲೆ ಇಡುವುದಾದರೆ ಅವುಗಳ ಜಾಗ ದ್ರವ ಸಾರಜನಕ. ಅಲ್ಲಿ 80–70ರ ಚರ್ಚೆಯೇ ಇಲ್ಲ.

ಎಡವುವುದು ಹೆಚ್ಚಾಗಿ ಅಲಾರಂನಲ್ಲಿ. ಹಳೆಯ ಅಲಾರಂ ಮೈನಸ್ 70ಕ್ಕೇ ಇದ್ದರೆ, ಕಂಪ್ರೆಸರ್ ನಿಂತು ಶುರುವಾಗುವ ನಡುವೆ ಉಷ್ಣತೆ ತುಸು ಏರಿದರೂ ಕೂಗುತ್ತದೆ. ಬೇಸತ್ತು ಯಾರೋ ಅದನ್ನು ಆಫ್ ಮಾಡುತ್ತಾರೆ. ನಿಜವಾದ ಅಪಾಯ ಅಲ್ಲಿದೆ. ಅದನ್ನು ಮೈನಸ್ 60ಕ್ಕೆ ಇಡಿ.

ಕರೆಂಟು ಹೋದಾಗ 70ರಲ್ಲಿರುವ ಫ್ರೀಜರ್ ಬೇಗ ಬಿಸಿಯೇರುವುದೂ ನಿಜ. ಈ ಮಾತನ್ನು ಸರ್‌ಗೆ ಮುಚ್ಚಿಡಬೇಡಿ. ಖಾಲಿ ಶೆಲ್ಫುಗಳಲ್ಲಿ ನೀರಿನ ಬಾಟಲಿ ಇಡಿ. ಮುಕ್ಕಾಲು ಮಾತ್ರ ತುಂಬಿ, ಏಕೆಂದರೆ ಹೆಪ್ಪುಗಟ್ಟಿದಾಗ ನೀರು ಹಿಗ್ಗುತ್ತದೆ. ಮೊದಲು ಮೈನಸ್ 20ರಲ್ಲಿ ಗಟ್ಟಿ ಮಾಡಿ ಆಮೇಲೆ ಸಾಗಿಸಿ. ನೇರವಾಗಿ ಇಟ್ಟರೆ ಪಕ್ಕದ ಸ್ಯಾಂಪಲ್‌ಗೆ ಬಿಸಿ ತಾಕುತ್ತದೆ.

ಪ್ಲಾಸ್ಟಿಕ್ ವಿಷಯಕ್ಕೆ ಇಷ್ಟು ಸಾಕು: ಬಫರ್, ಮೀಡಿಯಾದಂಥ ಲ್ಯಾಬ್ ದ್ರಾವಣ ಅಳೆಯಲು ಗಾಜಿನ ಪಿಪೆಟ್ (ಅಳತೆಯ ಕೊಳವೆ) ಬಳಸಿ. ಟಿಶ್ಯೂ ಕಲ್ಚರ್‌ಗೆ (ಲ್ಯಾಬಿನಲ್ಲಿ ಕೋಶ ಬೆಳೆಸುವುದಕ್ಕೆ) ಸದ್ಯಕ್ಕೆ ಬೇಡ, ತೊಳೆದಾಗ ಉಳಿದ ಡಿಟರ್ಜೆಂಟ್ ಕೋಶಗಳನ್ನು ಕೊಲ್ಲಬಹುದು.

‘ಯಾರು ಹೊಣೆ’ ಎಂಬುದಕ್ಕೆ ಉತ್ತರವನ್ನು ಫ್ರೀಜರ್ ಬಾಗಿಲಿಗೇ ಅಂಟಿಸಿ: ಅಲಾರಂ ಕೂಗಿದರೆ ಯಾರಿಗೆ ಫೋನ್, ಅವರು ಸಿಗದಿದ್ದರೆ ಯಾರಿಗೆ, ಸ್ಯಾಂಪಲ್ ಸಾಗಿಸಲು ಯಾವ ಫ್ರೀಜರಿನಲ್ಲಿ ಎಷ್ಟು ಜಾಗ ಖಾಲಿಯಿದೆ. ನಾಲ್ಕು ವಾರ ಬೆಳಗ್ಗೆ ಸಂಜೆ ಉಷ್ಣತೆ ಬರೆದು, ಆ ಹಾಳೆಯನ್ನೂ ಮೀಟರಿನ ಲೆಕ್ಕವನ್ನೂ ಸರ್ ಮುಂದಿಟ್ಟು ಎರಡನೇ ಫ್ರೀಜರಿಗೆ ಅನುಮತಿ ಕೇಳಿ.